ಪ್ರಾಣಿ ಪ್ರಯೋಗದ ಎಥಿಕ್ಸ್ ಕಮಿಟಿಗೆ ಕರೆದಿದ್ದಾರೆ, ಅಲ್ಲಿ ಕೂತು ಏನು ಕೇಳಬೇಕು?

ಬಸವನಗುಡಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಈಗ ನಗರದ ಒಂದು ಸಂಶೋಧನಾ ಸಂಸ್ಥೆಯವರು ತಮ್ಮ ಎಥಿಕ್ಸ್ ಕಮಿಟಿಗೆ ನನ್ನ ಹೆಸರು ಕಳಿಸಲೇ ಅಂತ ಕೇಳಿದ್ದಾರೆ. ಪ್ರಾಣಿಗಳ ಮೇಲೆ ಯಾವ ಪ್ರಯೋಗ ಮಾಡಬಹುದು, ಯಾವುದು ಬೇಡ ಅಂತ ನೋಡುವ ಕಮಿಟಿ. ವಿಜ್ಞಾನಿ ಅಲ್ಲದ ಒಬ್ಬರು ಅದರಲ್ಲಿ ಇರಲೇಬೇಕಂತೆ. ಪರಿಚಯದ ಪ್ರೊಫೆಸರ್ ಒಬ್ಬರು ನನ್ನ ಹೆಸರು ಹೇಳಿಬಿಟ್ಟಿದ್ದಾರೆ.

ತಿಳಿದವರ ಮಧ್ಯೆ ಸುಮ್ನೆ ಕೂತು, ಕಾಫಿ ಬಿಸ್ಕತ್ತು ಮುಗಿಸಿ, ಸಹಿ ಹಾಕಿ ಬರುವ ಕೆಲಸವಾದರೆ ನನಗೆ ಬೇಡ. ಹಾಗಂತ ಎಲ್ಲಕ್ಕೂ ಅಡ್ಡ ನಿಲ್ಲುವ ಧೈರ್ಯವೂ ಇಲ್ಲ. ನನ್ನ ಹೆಂಡತಿ ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ಕಂಡುಹಿಡಿದರು. ಆ ಸೂಜಿ ಮನೆಯಲ್ಲಿ ಇಟ್ಟುಕೊಂಡು ನಾನು ಭಾಷಣ ಮಾಡಿದರೆ ಅವಳೇ ನಗುತ್ತಾಳೆ.

ಸರಿಯೋ ತಪ್ಪೋ ಅನ್ನುವ ಜಗಳ ಹೇಗೂ ಬರುತ್ತದೆ, ಬರಲಿ. ಆದರೆ ನನಗೆ ಬೇಕಾಗಿರುವುದು ಪ್ರಶ್ನೆಗಳು. ಒಂದು ಪ್ರಯೋಗದ ಅರ್ಜಿ ಮುಂದೆ ಬಂದಾಗ ನನ್ನಂಥವನು ಏನು ಕೇಳಬೇಕು?

ಸೊಪ್ಪು ತಿನ್ನೋನು

ಮೇಷ್ಟ್ರೇ, ಒಂದೇ ಪ್ರಶ್ನೆ ಸಾಕು. ಇಲಿಯ ಒಪ್ಪಿಗೆ ಪತ್ರ ಎಲ್ಲಿ ಅಂತ ಕೇಳಿ. ಮನುಷ್ಯರ ಮೇಲೆ ಔಷಧಿ ಪ್ರಯೋಗ ಮಾಡಬೇಕಾದರೆ ಅವರ ಸಹಿ ಬೇಕು. ಮಧ್ಯದಲ್ಲಿ ಸಾಕು ಅಂದರೆ ಬಿಟ್ಟುಬಿಡಬೇಕು. ಇಲಿಗೆ ಆ ದಾರಿಯೇ ಇಲ್ಲ. ಇದಕ್ಕೆ ಉತ್ತರ ಸಿಗುವ ತನಕ ಉಳಿದದ್ದೆಲ್ಲ ಪಂಜರದ ಉದ್ದಗಲದ ಮಾತು.

ಜಿಗಣಿ ಕ್ಯೂಸಿ

ಹಾಗಾದರೆ ಮೇಷ್ಟ್ರು ಹೋಗುವುದೇ ಬೇಡ ಅಂತಾಯಿತು. ಅವರ ಕುರ್ಚಿಯಲ್ಲಿ ತಲೆಯಾಡಿಸುವ ಇನ್ಯಾರೋ ಬಂದು ಕೂರುತ್ತಾರೆ. ಇಲಿಗೆ ಅದರಿಂದ ಏನು ಲಾಭ ಗುರು?

ಹೆಬ್ಬಾಳದ ಡಾಕ್ಟ್ರು

ನಾನು ಪಶುವೈದ್ಯ. ಇಂಥ ಕಮಿಟಿಗಳಲ್ಲಿ ಕೂತಿದ್ದೇನೆ. ಮೇಷ್ಟ್ರೇ, ಖಂಡಿತ ಒಪ್ಪಿಕೊಳ್ಳಿ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಹೇಳುತ್ತೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರದಲ್ಲಿ ಒಂದು ಸಮಿತಿ ಇದೆ. ಹಳಬರು ಅದನ್ನು ಸಿಪಿಸಿಎಸ್‌ಇಎ ಅನ್ನುತ್ತಿದ್ದರು, ಈಗ ಸಿಸಿಎಸ್‌ಇಎ. 1998ರ ನಿಯಮಗಳ ಪ್ರಕಾರ ಪ್ರಾಣಿ ಬಳಸುವ ಪ್ರತಿ ಸಂಸ್ಥೆಯೂ ಅಲ್ಲಿ ನೋಂದಾಯಿಸಬೇಕು, ತನ್ನದೇ ಎಥಿಕ್ಸ್ ಕಮಿಟಿ ಇಟ್ಟುಕೊಳ್ಳಬೇಕು. ಕಮಿಟಿಯಲ್ಲಿ ಸಂಸ್ಥೆಯ ವಿಜ್ಞಾನಿಗಳು, ಒಬ್ಬ ಪಶುವೈದ್ಯ, ಹೊರಗಿನ ಒಬ್ಬ ವಿಜ್ಞಾನಿ, ಕೇಂದ್ರದ ಪ್ರತಿನಿಧಿ, ಮತ್ತೆ ನಿಮ್ಮಂಥ ಒಬ್ಬರು ಇರುತ್ತಾರೆ. ಇಲಿ, ಹೆಗ್ಗಣ, ಗಿನಿಪಿಗ್, ಹ್ಯಾಮ್‌ಸ್ಟರ್, ಮೊಲ ಇವುಗಳಿಗೆ ಇಲ್ಲೇ ಒಪ್ಪಿಗೆ ಕೊಡಬಹುದು. ನಾಯಿ, ಕೋತಿ ಅಂದರೆ ಕಡತ ಕೇಂದ್ರಕ್ಕೆ ಹೋಗಬೇಕು.

ಅದೇ ಕಾಯ್ದೆಯ 17ನೇ ಕಲಂ ಓದಿ. ಪ್ರಾಣಿ ಇಲ್ಲದೆ ಆಗುವ ಕಡೆ ಆದಷ್ಟೂ ಬಳಸಬೇಡಿ, ಸಣ್ಣ ಪ್ರಾಣಿ ಸಾಕಾದರೆ ದೊಡ್ಡದು ಬೇಡ, ನೋವಾಗುವ ಕೆಲಸಕ್ಕೆ ಅರಿವಳಿಕೆ ಕೊಡಿ, ಬರೀ ಕೈ ಪಳಗಿಸಿಕೊಳ್ಳಲು ಕೊಯ್ಯಬೇಡಿ. ಇಷ್ಟೂ ಅದರಲ್ಲಿದೆ. ಪುಸ್ತಕ, ಮಾದರಿ, ಫಿಲಂ ಸಾಕಾಗುವಲ್ಲಿ ಪ್ರಾಣಿ ಬೇಡ ಅಂತಲೂ ಇದೆ. ಆದರೂ ನಮ್ಮ ಕಾಲೇಜುಗಳು ಕಪ್ಪೆ ಕೊಯ್ಯುತ್ತಲೇ ಇದ್ದವು. 2011ರಲ್ಲಿ ಯುಜಿಸಿ ಕಡಿಮೆ ಮಾಡಿ ಅಂದಿತು, 2014ರಲ್ಲಿ ನಿಲ್ಲಿಸಿ ಅಂದಿತು. ಕಾನೂನಿನಲ್ಲಿ ಬರೆದದ್ದು ಲ್ಯಾಬಿನ ಮೇಜಿಗೆ ಇಳಿಯಲು ಅರ್ಧ ಶತಮಾನ ಹಿಡಿಯಿತು. ನಡುವೆ ಕೇಳುವವರು ಇಲ್ಲದಿದ್ದರೆ ಹೀಗೇ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗಳು. 1959ರಲ್ಲಿ ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮೂರು ಸೂತ್ರ ಹೇಳಿದರು. ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿಯಿರಿ. ಇಲ್ಲದಿದ್ದರೆ ಎಷ್ಟು ಕಡಿಮೆ ಪ್ರಾಣಿಯಲ್ಲಿ ಆಗುತ್ತದೋ ಅಷ್ಟರಲ್ಲಿ ಮುಗಿಸಿ. ಮಾಡುವುದನ್ನೂ ನೋವು ಕಡಿಮೆ ಆಗುವ ಹಾಗೆ ಮಾಡಿ. ನಮ್ಮ ದೇಶದ ಮಾರ್ಗಸೂಚಿ ನಾಲ್ಕನೆಯದು ಸೇರಿಸುತ್ತದೆ, ಪ್ರಯೋಗದ ನಂತರ ಪ್ರಾಣಿಯ ಪುನರ್ವಸತಿ.

ಸಂಖ್ಯೆಯ ವಿಷಯ ಬಂದಾಗ ಜಾಗ್ರತೆ. ಹೊಸ ಸದಸ್ಯರು ದಯೆಯಿಂದ "ಹತ್ತರ ಬದಲು ನಾಲ್ಕು ಇಲಿ ಸಾಕಲ್ಲವೇ" ಅನ್ನುತ್ತಾರೆ. ನಾಲ್ಕರಲ್ಲಿ ಉತ್ತರವೇ ಸಿಗದಿದ್ದರೆ ಆ ನಾಲ್ಕೂ ದಂಡ. ಹಾಗಾಗಿ ಕಡಿಮೆ ಮಾಡಿ ಅಂತ ಕೇಳುವ ಮುಂಚೆ ಈ ಸಂಖ್ಯೆಗೆ ಹೇಗೆ ಬಂದಿರಿ ಅಂತ ಕೇಳಿ. ಲೆಕ್ಕ ತೋರಿಸಬೇಕು. "ಎಲ್ಲರೂ ಇಷ್ಟೇ ತೆಗೆದುಕೊಳ್ಳುತ್ತಾರೆ" ಅಂದರೆ ಅರ್ಜಿ ವಾಪಸ್ ಕಳಿಸಿ.

ಪಿಎಚ್‌ಡಿ ಪರದಾಟ

ಇಲಿಗಳ ಜೊತೆ ಕೆಲಸ ಮಾಡುವವಳು ನಾನು. ಡಾಕ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ ಮೇಷ್ಟ್ರೇ.

ಕಮಿಟಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ: "ಇಲಿಯನ್ನು ಕೇಜಿನಿಂದ ಹೇಗೆ ಎತ್ತುತ್ತೀರಿ?" ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ. ಬಾಲ ಹಿಡಿದು ಎತ್ತುವುದು ಎಲ್ಲ ಕಡೆ ರೂಢಿ. ಹಾಗೆ ಎತ್ತಿದರೆ ಇಲಿಗೆ ಗಾಬರಿ ಜಾಸ್ತಿ ಆಗುತ್ತದೆ, ಸಣ್ಣ ಕೊಳವೆಯೊಳಗೆ ಹೊಗಿಸಿ ಅಥವಾ ಬೊಗಸೆಯಲ್ಲಿ ಎತ್ತಿದರೆ ಅಷ್ಟಾಗುವುದಿಲ್ಲ ಅಂತ 2010ರಲ್ಲೇ ಬ್ರಿಟನ್‌ನಲ್ಲಿ ತೋರಿಸಿದ್ದಾರೆ. ಕೊಳವೆಗೆ ಖರ್ಚೇನೂ ಇಲ್ಲ. ಗಾಬರಿಯಾದ ಇಲಿಯ ರಕ್ತದಲ್ಲಿ ಒತ್ತಡದ ಹಾರ್ಮೋನ್ ಏರಿರುತ್ತದೆ, ಅದನ್ನೇ ಅಳೆದು ನಾವು ಪೇಪರ್ ಬರೆಯುತ್ತೇವೆ! ಪ್ರಾಣಿಗೆ ಒಳ್ಳೆಯದಾದದ್ದು ವಿಜ್ಞಾನಕ್ಕೂ ಒಳ್ಳೆಯದು ಅನ್ನುವ ಜಾಗಗಳು ಹೀಗೆ ಬೇಕಾದಷ್ಟಿವೆ.

ಇನ್ನೊಂದು, ನೋವನ್ನು ಯಾರು ಗುರುತಿಸುತ್ತಾರೆ ಅನ್ನುವುದು. ಇಲಿ ನೋವಾದರೂ ತೋರಿಸಿಕೊಳ್ಳುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ ನೋಡಿ, ಮರೆಮಾಚುತ್ತದೆ. ಕಣ್ಣು ಕಿರಿದಾಗುವುದು, ಕೆನ್ನೆ ಉಬ್ಬುವುದು, ಕಿವಿ ಹಿಂದಕ್ಕೆ ಹೋಗುವುದು ಇವನ್ನೆಲ್ಲ ನೋಡಿ ಅಂಕ ಕೊಡುವ ಒಂದು ಪದ್ಧತಿ 2010ರಲ್ಲೇ ಕೆನಡಾದಲ್ಲಿ ಬಂತು. ನಿಮ್ಮ ಸಂಸ್ಥೆಯಲ್ಲಿ ಅದನ್ನು ಯಾರಿಗೆ ಕಲಿಸಿದ್ದಾರೆ ಕೇಳಿ. ಸರ್ಜರಿ ಆದ ರಾತ್ರಿ ನೋವಿನ ಔಷಧಿ ಕೊಡುವವರು ಯಾರು ಅಂತಲೂ ಕೇಳಿ. ಹಗಲಿನ ಉತ್ತರ ಎಲ್ಲರ ಹತ್ತಿರ ಇರುತ್ತದೆ, ರಾತ್ರಿಯದ್ದು ಇರುವುದಿಲ್ಲ.

ಯಾವಾಗ ನಿಲ್ಲಿಸುತ್ತೀರಿ ಅನ್ನುವುದನ್ನೂ ಬರೆಸಿಕೊಳ್ಳಿ. ಗಡ್ಡೆ ಎಷ್ಟು ದೊಡ್ಡದಾದರೆ, ತೂಕ ಎಷ್ಟು ಇಳಿದರೆ ಪ್ರಯೋಗ ಅರ್ಧಕ್ಕೇ ಬಿಟ್ಟು ಪ್ರಾಣಿಯನ್ನು ಸ್ಯಾಕ್ರಿಫೈಸ್ ಮಾಡುತ್ತೀರಿ, ಅಂದರೆ ನೋವಿಲ್ಲದೆ ಕೊಲ್ಲುತ್ತೀರಿ? ಅರ್ಜಿಯಲ್ಲಿ ಅಂಕಿ ಇರಬೇಕು. "ಸೂಕ್ತ ಸಮಯದಲ್ಲಿ" ಅಂತ ಬರೆದಿದ್ದರೆ ಬಿಡಬೇಡಿ.

ಸೊಪ್ಪು ತಿನ್ನೋನು

ಬೊಗಸೆಯಲ್ಲಿ ಎತ್ತಿ ಆಮೇಲೆ ಕೊಲ್ಲುವುದು. ಸರಿ.

ನಾನು ಬೇರೆ ಮಾತು ಕೇಳುತ್ತೇನೆ. ಇದೆಲ್ಲ ಕೆಲಸಕ್ಕಾದರೂ ಬರುತ್ತದಾ? ಪ್ರಾಣಿ ಪರೀಕ್ಷೆ ದಾಟಿ ಮನುಷ್ಯರ ಟ್ರಯಲ್‌ಗೆ ಬಂದ ಔಷಧಿಗಳಲ್ಲಿ ಹತ್ತಕ್ಕೆ ಒಂಬತ್ತು ಬಿದ್ದುಹೋಗುತ್ತವೆ. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಅನ್ನುವ ಔಷಧಿಯನ್ನು ಆರು ಜನ ಆರೋಗ್ಯವಂತರಿಗೆ ಕೊಟ್ಟರು. ಕೋತಿಗಳಿಗೆ ಏನೂ ಆಗದ ಪ್ರಮಾಣದ 500ರಲ್ಲಿ ಒಂದು ಭಾಗ ಅಷ್ಟೇ. ಆರೂ ಜನ ಐಸಿಯು ಸೇರಿದರು, ಒಂದಾದ ಮೇಲೆ ಒಂದು ಅಂಗ ಕೈಕೊಟ್ಟಿತು. ಬಸುರಿಯರು ತೆಗೆದುಕೊಂಡ ಥಾಲಿಡೋಮೈಡ್ ಮಾತ್ರೆಯ ಕಥೆ ಗೊತ್ತೇ ಇದೆ. ಕೈಕಾಲು ಸರಿಯಿಲ್ಲದ ಮಕ್ಕಳು 10,000ಕ್ಕೂ ಹೆಚ್ಚು. ಪೆನ್ಸಿಲಿನ್ ಅನ್ನು ಮೊದಲು ಗಿನಿಪಿಗ್‌ಗೆ ಕೊಟ್ಟಿದ್ದರೆ ಅದು ಸತ್ತು, ಔಷಧಿಯನ್ನೇ ಕಸಕ್ಕೆ ಎಸೆಯುತ್ತಿದ್ದರು. ಆಕ್ಸ್‌ಫರ್ಡ್‌ನವರು 1940ರಲ್ಲಿ ಇಲಿಗೆ ಕೊಟ್ಟರು, ಬಚಾವ್. ಇದನ್ನು ವಿಜ್ಞಾನ ಅನ್ನುತ್ತೀರೋ ಅದೃಷ್ಟ ಅನ್ನುತ್ತೀರೋ?

ಜಿಗಣಿ ಕ್ಯೂಸಿ

ಥಾಲಿಡೋಮೈಡ್ ಅನ್ನು ನಿಮ್ಮ ಕಡೆಯ ಸಾಕ್ಷಿಗೆ ಕರೆಯಬೇಡಿ ಸ್ವಾಮಿ. ಗರ್ಭ ಧರಿಸಿದ ಪ್ರಾಣಿಗಳ ಮೇಲೆ ಅದನ್ನು ಸರಿಯಾಗಿ ಪರೀಕ್ಷಿಸದೆಯೇ ಮಾರಿದರು. ಆಮೇಲೆ ನೋಡಿದಾಗ ಮೊಲದ ಮರಿಗಳಲ್ಲೂ ಕೋತಿಯ ಮರಿಗಳಲ್ಲೂ ಅದೇ ಊನ ಕಂಡಿತು. ಹತ್ತಕ್ಕೆ ಒಂಬತ್ತು ಬೀಳುವುದು ನಿಜ. ಆದರೆ ಅವೆಲ್ಲ ವಿಷ ಅಂತ ಬಿದ್ದವಲ್ಲ. ಎಷ್ಟೋ ಔಷಧಿಗಳಿಂದ ಹಾನಿ ಆಗಲಿಲ್ಲ, ರೋಗವೂ ವಾಸಿಯಾಗಲಿಲ್ಲ, ಅಷ್ಟೇ.

ಪರೀಕ್ಷೆಯೇ ಇಲ್ಲದ ಕಾಲ ಹೇಗಿತ್ತು ಅಂತಲೂ ನೋಡಿ. 1937ರಲ್ಲಿ ಅಮೆರಿಕದಲ್ಲಿ ಸೋಂಕಿಗೆ ಕೊಡುವ ಒಂದು ಸಲ್ಫಾ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲ್ ಅನ್ನುವ ದ್ರವದಲ್ಲಿ ಕರಗಿಸಿ ಮಾರಿದರು. ರುಚಿ ನೋಡಿದರು, ಬಣ್ಣ ನೋಡಿದರು, ವಿಷವೋ ಅಂತ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಅನೇಕರು. 1938ರ ಅಮೆರಿಕದ ಕಾನೂನು ಹುಟ್ಟಿದ್ದೇ ಆ ಸಾವುಗಳಿಂದ.

ಇದರಲ್ಲೇ ಇನ್ನೊಂದು ಪಾಠವೂ ಇದೆ, ಅದು ಸೊಪ್ಪಿನವರಿಗೆ ಹಿಡಿಸುತ್ತದೆ. ಇವತ್ತು ಒಂದು ಸಿರಪ್‌ನಲ್ಲಿ ಆ ವಿಷ ಇದೆಯಾ ಅಂತ ತಿಳಿಯಲು ಒಂದು ಇಲಿಯೂ ಬೇಡ. ನನ್ನ ಲ್ಯಾಬಿನ ಮೆಷಿನ್‌ಗೆ ಸ್ವಲ್ಪ ಹಾಕಿದರೆ ಅದು ಹೇಳುತ್ತದೆ. ಒಮ್ಮೆ ಪ್ರಾಣಿ ಬೇಕಾಗಿದ್ದ ಪ್ರಶ್ನೆಗೆ ಎಂದೆಂದಿಗೂ ಪ್ರಾಣಿಯೇ ಬೇಕಾಗುವುದಿಲ್ಲ.

ಮೇಷ್ಟ್ರ ಮನೆಯ ಇನ್ಸುಲಿನ್ನೇ ತೆಗೆದುಕೊಳ್ಳಿ. ಶುರುವಾದದ್ದು ನಾಯಿಯಿಂದ. ಆಮೇಲೆ ದಶಕಗಟ್ಟಲೆ ಹಂದಿ, ದನಗಳ ಮೇದೋಜೀರಕದಿಂದ ತೆಗೆದರು. ಅಮ್ಮ ಇವತ್ತು ಎಷ್ಟು ಯೂನಿಟ್ ಅಂತ ಲೆಕ್ಕ ಹಾಕುತ್ತಾರಲ್ಲ, ಆ ಯೂನಿಟ್ ಮೊದಲು ನಿಗದಿಯಾದದ್ದು ಮೊಲದ ರಕ್ತದಲ್ಲಿ ಸಕ್ಕರೆ ಎಷ್ಟು ಇಳಿಯುತ್ತದೆ ಅನ್ನುವುದರ ಮೇಲೆ. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಇನ್ಸುಲಿನ್ ಬಂತು. 2004ರಲ್ಲಿ ನಮ್ಮೂರಿನ ಬಯೋಕಾನ್ ಯೀಸ್ಟ್‌ನಿಂದ ಮಾಡಿ ಮಾರುಕಟ್ಟೆಗೆ ತಂದಿತು. ಶಕ್ತಿ ಎಷ್ಟಿದೆ ಅಂತ ಈಗ ಮೆಷಿನ್‌ನಲ್ಲೇ ಅಳೆಯುತ್ತಾರೆ. ಒಂದೇ ಔಷಧಿಯಿಂದ ನಾಯಿ, ಹಂದಿ, ಮೊಲ ಒಂದೊಂದಾಗಿ ಹೊರಗೆ ಹೋದವು.

ಕನಕಪುರದ ಹುಡುಗ

ನಮ್ಮ ಚಿಕ್ಕಪ್ಪನಿಗೆ ರಾಗಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿತ್ತು. ಬೆಂಗಳೂರಿಗೆ ತಂದು ಬಾಟಲಿಗಟ್ಟಲೆ ಆಂಟಿವೆನಮ್ ಏರಿಸಿದ ಮೇಲೆ ಉಳಿದರು. ಅದು ಕುದುರೆಯ ರಕ್ತದಿಂದ ಬರುತ್ತದೆ, ಇಲಿಯ ಮೇಲೆ ಪರೀಕ್ಷೆ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ. ಹೆಚ್ಚಿನವರು ನಮ್ಮಂಥ ಹೊಲದವರೇ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದ್ದೇ 2024ರಲ್ಲಿ. ಇಲಿಗೆ ಒಪ್ಪಿಗೆ ಪತ್ರ ಕೇಳುವವರು ಒಂದು ರಾತ್ರಿ ಆ ವಾರ್ಡಿನಲ್ಲಿ ಕೂತು ನೋಡಲಿ.

ಸೊಪ್ಪು ತಿನ್ನೋನು

ಚಿಕ್ಕಪ್ಪ ಉಳಿದದ್ದು ನನಗೂ ಸಂತೋಷ. ಆದರೆ ಒಂದು ಯೋಚನೆ ಮಾಡಿ. ಕುದುರೆಗೆ ವಿಷ ಚುಚ್ಚಿ ರಕ್ತ ತೆಗೆಯುವ ಪದ್ಧತಿ 19ನೇ ಶತಮಾನದ್ದು. ನೂರು ವರ್ಷಕ್ಕೂ ಮೇಲೆ ಅದೇ ನಡೆಯುತ್ತಿದೆ. ಇದೆಯಲ್ಲ ಸಾಕು ಅನ್ನುವುದೇ ಹೊಸದನ್ನು ಹುಡುಕದಿರಲು ನೆಪವಾಯಿತು. ಬಳಸಬೇಡಿ ಅಂತ ಯಾರಾದರೂ ಗಟ್ಟಿಯಾಗಿ ಹೇಳುತ್ತಿದ್ದರೆ ಮಾತ್ರ ಬೇರೆ ದಾರಿಗೆ ದುಡ್ಡು ಬರುತ್ತದೆ. ನಾನು ಆ ಗಟ್ಟಿ ಹೇಳುವ ಕೆಲಸ ಮಾಡುತ್ತಿದ್ದೇನೆ.

ಪಿಎಚ್‌ಡಿ ಪರದಾಟ

ಇದನ್ನು ನಾನು ಒಪ್ಪುತ್ತೇನೆ. ಹೊಸ ದಾರಿ ಇಲ್ಲೇ ಕಾಣುತ್ತಿದೆ ಕೂಡ. ನಮ್ಮ ಐಐಎಸ್‌ಸಿಯ ವಿಷ ಸಂಶೋಧನಾ ಲ್ಯಾಬ್, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮುಂತಾದವರ ಜೊತೆ ಸೇರಿ 2024ರಲ್ಲಿ ಒಂದು ಆಂಟಿಬಾಡಿ, ಅಂದರೆ ವಿಷಕ್ಕೆ ಅಂಟಿ ಅದನ್ನು ತಡೆಯುವ ಪ್ರೋಟೀನ್, ತೋರಿಸಿತು. ನಾಗರಹಾವಿನ ಜಾತಿಯ ಹಾವುಗಳ ಒಂದು ಗುಂಪಿನ ನರವಿಷಕ್ಕೆ ಅದು ತಡೆ. ಕುದುರೆಯೇ ಇಲ್ಲ. ಮನುಷ್ಯರ ಆಂಟಿಬಾಡಿಗಳನ್ನು ಯೀಸ್ಟ್ ಮೇಲೆ ಕೂರಿಸಿ, ಅದರಲ್ಲಿ ಜಾಲಾಡಿ ಹುಡುಕಿದ್ದು. ಕೊಳಕುಮಂಡಲದ ವಿಷ ಬೇರೆ ಥರ, ಅದಕ್ಕೆ ಇನ್ನೂ ಬೇರೆ ಬೇಕು. ಈ ಹೊಸ ಆಂಟಿಬಾಡಿಯನ್ನೂ ಇಲಿಗಳಲ್ಲೇ ಪರೀಕ್ಷಿಸಿದರು ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಬೇಡ.

ಸೋಪು ಅಂಗಡಿ

ನಾನು ಮನೆಯಲ್ಲಿ ಸೋಪು ಮಾಡಿ ಮಲ್ಲೇಶ್ವರದಲ್ಲಿ ಮಾರುತ್ತೇನೆ. ಗಿರಾಕಿಗಳು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಅನ್ನುವ ಮೊಲದ ಚಿತ್ರ ಎಲ್ಲಿ ಅಂತ ಕೇಳುತ್ತಾರೆ. ಹಾಕಬೇಕಾ?

ಜಿಗಣಿ ಕ್ಯೂಸಿ

ಆ ಚಿತ್ರಗಳು ಒಂದೊಂದು ಸಂಘದ ಗುರುತು, ಅವರ ಅನುಮತಿ ಇಲ್ಲದೆ ಹಾಕಬೇಡಿ. ಇನ್ನು ವಿಷಯ: ಭಾರತದಲ್ಲಿ ಕಾಸ್ಮೆಟಿಕ್ಸ್ ಅನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಿಂದ ನಿಷೇಧ. ಹಾಗೆ ಪರೀಕ್ಷಿಸಿದ್ದನ್ನು ಆಮದು ಮಾಡುವುದೂ ಅದೇ ವರ್ಷ ನಿಂತಿತು. ಯುರೋಪಿನಲ್ಲಿ ಪೂರ್ತಿ ನಿಷೇಧ 2013ರಲ್ಲಿ ಬಂತು. ಹಾಗಾಗಿ ಇಲ್ಲಿ ತಯಾರಾದ ಲಿಪ್‌ಸ್ಟಿಕ್ ಮೇಲೆ "ನಾವು ಪರೀಕ್ಷಿಸುವುದಿಲ್ಲ" ಅಂತ ಹೆಮ್ಮೆಯಿಂದ ಬರೆಯುವುದು "ನಾವು ಕಳ್ಳತನ ಮಾಡುವುದಿಲ್ಲ" ಅಂತ ಬೋರ್ಡ್ ಹಾಕಿದ ಹಾಗೆ. ಆದರೆ ಅದರೊಳಗಿನ ಹಳೆಯ ರಾಸಾಯನಿಕಗಳು ಒಂದು ಕಾಲದಲ್ಲಿ ಮೊಲದ ಕಣ್ಣಿಗೆ ಬಿದ್ದೇ ಬಂದಿರಬಹುದು. 1944ರ ಡ್ರೇಜ್ ಪರೀಕ್ಷೆ ಅಂದರೆ ಅದೇ. ಎಚ್ಚರವಿರುವ ಮೊಲದ ಕಣ್ಣಿಗೆ ಹಾಕಿ, ಎಷ್ಟು ಕೆಂಪಾಯಿತು ಅಂತ ನೋಡುವುದು. ಈಗ ಅದಕ್ಕೆ ಬದಲಾಗಿ ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಪಾರದರ್ಶಕ ಪೊರೆ ಅಥವಾ ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಜೀವಕೋಶದ ಪದರ ಬಳಸುತ್ತಾರೆ.

ಚಿಪ್ ಮತ್ತು ಜೀವಕೋಶ

ಬದಲಿ ದಾರಿಯ ಕೆಲಸ ಮಾಡುವವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಟಿಜಿಎನ್1412 ವಿಷಯದಲ್ಲಿ ಆದದ್ದೇನು ಅಂತ ಆಮೇಲೆ ಗೊತ್ತಾಯಿತು. ಆ ಔಷಧಿ ಹೋಗಿ ಅಂಟುವ ಒಂದು ಪ್ರೋಟೀನ್ ಮನುಷ್ಯರ ಒಂದು ಬಗೆಯ ಟಿ ಜೀವಕೋಶದ (ರೋಗದ ವಿರುದ್ಧ ಹೋರಾಡುವ ರಕ್ತಕಣ) ಮೇಲಿದೆ, ಆ ಕೋತಿಗಳ ಅದೇ ಜೀವಕೋಶದ ಮೇಲಿಲ್ಲ. ಎಷ್ಟು ಕೋತಿಗೆ ಕೊಟ್ಟರೂ ತಿಳಿಯುತ್ತಿರಲಿಲ್ಲ. ಮನುಷ್ಯರ ರಕ್ತದ ಜೀವಕೋಶಗಳನ್ನು ಸರಿಯಾದ ರೀತಿಯಲ್ಲಿ ಇಟ್ಟು ನೋಡಿದರೆ ತಿಳಿಯುತ್ತದೆ. ನಮ್ಮ ಕೆಲಸಕ್ಕೆ ಬಲ ಬರುವುದು ಇಲ್ಲಿ.

2010ರಲ್ಲಿ ಹಾರ್ವರ್ಡ್‌ನ ವೀಸ್ ಇನ್‌ಸ್ಟಿಟ್ಯೂಟ್‌ನವರು ಚಿಪ್ ಮೇಲೆ ಶ್ವಾಸಕೋಶದ ಮಾದರಿ ಮಾಡಿದರು. ಪೆನ್‌ಡ್ರೈವ್ ಗಾತ್ರ. ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತದಂಥ ದ್ರವ, ನಡುವೆ ಉಸಿರಾಟದ ಹಾಗೆ ಹಿಗ್ಗಿ ಕುಗ್ಗುವ ಜೀವಕೋಶದ ಪೊರೆ. 2022ರಲ್ಲಿ ಲಿವರ್ ಚಿಪ್ ಒಂದರ ದೊಡ್ಡ ಪರೀಕ್ಷೆ ಪ್ರಕಟವಾಯಿತು. 870 ಚಿಪ್, 27 ಔಷಧಿ. ಲಿವರ್ ಕೆಡಿಸುವ ಔಷಧಿಗಳಲ್ಲಿ ಶೇ. 87ರಷ್ಟನ್ನು ಅದು ಹಿಡಿಯಿತು, ಒಳ್ಳೆಯ ಔಷಧಿಯನ್ನು ಕೆಟ್ಟದು ಅಂತ ಒಂದು ಸಲವೂ ಹೇಳಲಿಲ್ಲ. ಬೆಂಗಳೂರಿನ ಪ್ಯಾಂಡೋರಂ ಟೆಕ್ನಾಲಜೀಸ್ 2015ರಲ್ಲೇ ಲಿವರ್ ಅಂಗಾಂಶವನ್ನು 3ಡಿ ಪ್ರಿಂಟ್ ಮಾಡಿ ತೋರಿಸಿತ್ತು. ಕಾನೂನೂ ಸರಿದಾಡಿದೆ. ಔಷಧಿಯನ್ನು ಪ್ರಾಣಿಯ ಮೇಲೇ ಪರೀಕ್ಷಿಸಬೇಕು ಅನ್ನುವ 1938ರ ಕಡ್ಡಾಯವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ತೆಗೆಯಿತು. ನಮ್ಮಲ್ಲಿ 2019ರ ಹೊಸ ಔಷಧಿ ನಿಯಮಗಳಿಗೆ 2023ರಲ್ಲಿ ತಿದ್ದುಪಡಿ ಬಂದು, ಚಿಪ್, ಆರ್ಗನಾಯ್ಡ್ (ಜೀವಕೋಶದಿಂದ ಬೆಳೆಸಿದ ಅಂಗದ ಪುಟ್ಟ ಮಾದರಿ) ಇವನ್ನೆಲ್ಲ ಬಳಸಬಹುದು ಅಂತಾಯಿತು.

ಬಳಸಬಹುದು ಅಂತ, ಬಳಸಲೇಬೇಕು ಅಂತಲ್ಲ. ಕಂಪನಿಯವರು ಕಡತ ಒಪ್ಪಿಗೆಯಾಗುವ ಹಳೆಯ ದಾರಿಯನ್ನೇ ಹಿಡಿಯುತ್ತಾರೆ.

ನಮ್ಮ ಹುಳುಕನ್ನೂ ಹೇಳಬೇಕು. ಚಿಪ್‌ನೊಳಗೆ ಜೀವಕೋಶ ಬದುಕಲು ಆಹಾರ ಬೇಕು. ಬಹಳ ಲ್ಯಾಬ್‌ಗಳಲ್ಲಿ ಇನ್ನೂ ಹಾಕುವುದು ಕರುವಿನ ಸೀರಮ್. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತೆಗೆದದ್ದು. ಆರ್ಗನಾಯ್ಡ್ ಬೆಳೆಸುವ ಅಂಟು ಇಲಿಯ ಗಡ್ಡೆಯಿಂದ ಬರುತ್ತದೆ. ಪ್ರಾಣಿರಹಿತ ಅಂತ ಕರಪತ್ರ ಹಂಚುವ ಎಷ್ಟೋ ಜನರ ಫ್ರಿಜ್‌ನಲ್ಲಿ ಇವೆರಡೂ ಇರುತ್ತವೆ. ಸೀರಮ್ ಇಲ್ಲದ ಆಹಾರವೂ ಸಿಗುತ್ತದೆ, ಆದರೆ ಎಲ್ಲ ಜೀವಕೋಶಕ್ಕೂ ಒಗ್ಗುವುದಿಲ್ಲ. ಮೇಷ್ಟ್ರೇ, ಯಾರಾದರೂ "ನಾವು ಬದಲಿ ದಾರಿ ಬಳಸುತ್ತೇವೆ" ಅಂದರೆ ಸೀರಮ್ ಯಾವುದು ಅಂತ ಒಂದು ಮಾತು ಕೇಳಿ.

ಮತ್ತೆ, ಚಿಪ್‌ಗೆ ಖಿನ್ನತೆ ಬರುವುದಿಲ್ಲ, ಬಸಿರಾಗುವುದಿಲ್ಲ, ವಯಸ್ಸಾಗುವುದಿಲ್ಲ. ಒಂದು ಅಂಗದ ಪ್ರಶ್ನೆಗೆ ನಾವು ಉತ್ತರ ಕೊಡುತ್ತೇವೆ. ಇಡೀ ದೇಹದ ಪ್ರಶ್ನೆಗೆ ಇನ್ನೂ ಇಲ್ಲ.

ಬೀಗಲ್ ಅಮ್ಮ

ಲ್ಯಾಬಿನಿಂದ ಬಿಡುಗಡೆಯಾದ ಬೀಗಲ್ ತಳಿಯ ನಾಯಿ ಒಂದು ನಮ್ಮ ಮನೆಯಲ್ಲಿದೆ. ಕಿವಿಯ ಒಳಗೆ ಹಚ್ಚೆ ಹಾಕಿದ ನಂಬರ್ ಇದೆ. ಬಂದಾಗ ಹುಲ್ಲಿನ ಮೇಲೆ ಕಾಲಿಡಲು ಹೆದರುತ್ತಿದ್ದ, ಮೆಟ್ಟಿಲು ಅಂದರೆ ಏನಂತಲೇ ಗೊತ್ತಿರಲಿಲ್ಲ. ಇವುಗಳನ್ನೇ ಯಾಕೆ ಆರಿಸುತ್ತಾರೆ ಗೊತ್ತಾ? ತುಂಬಾ ಸಾಧು, ಚುಚ್ಚಿದರೂ ಕಚ್ಚುವುದಿಲ್ಲ. ಒಳ್ಳೆಯತನಕ್ಕೆ ಸಿಕ್ಕ ಬಹುಮಾನ! ಬೆಂಗಳೂರಿನಲ್ಲಿ ಕ್ಯೂಪಾ ಸಂಸ್ಥೆಯವರೂ ಫ್ರೀಗಲ್ಸ್ ಆಫ್ ಇಂಡಿಯಾದವರೂ ಇಂಥ ನಾಯಿಗಳಿಗೆ ಮನೆ ಹುಡುಕಿಕೊಟ್ಟಿದ್ದಾರೆ. ಡಾಕ್ಟ್ರು ಹೇಳಿದ ಆ ನಾಲ್ಕನೆಯ ಸೂತ್ರ ಬರೀ ಕಾಗದದಲ್ಲಿ ಇರದ ಹಾಗೆ ನೋಡಿಕೊಳ್ಳಿ ಮೇಷ್ಟ್ರೇ. ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಗತಿ ಏನು, ಅದರ ಖರ್ಚು ಯಾವ ಬಜೆಟ್‌ನಿಂದ ಅಂತ ಮೊದಲೇ ಕೇಳಿ.

ಸೊಪ್ಪು ತಿನ್ನೋನು

ನಾಯಿ ಆದರೆ ಎಲ್ಲರ ಕಣ್ಣಲ್ಲೂ ನೀರು. ಇಲಿಗೆ ಮನೆ ಹುಡುಕುವವರು ಯಾರೂ ಇಲ್ಲ ಅಲ್ವಾ.

ಹೆಬ್ಬಾಳದ ಡಾಕ್ಟ್ರು

ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಎಲ್ಲ ಪರೀಕ್ಷೆಯೂ ಮನುಷ್ಯನ ಸ್ವಾರ್ಥಕ್ಕೆ ಅಂತ ಯಾರಾದರೂ ಅಂದುಕೊಂಡಿದ್ದರೆ ರಾಮನಗರದ ಬೆಟ್ಟ ನೆನಪಿಸಿಕೊಳ್ಳಿ, ನಮ್ಮ ರಣಹದ್ದು ಧಾಮ. ದನಗಳ ನೋವಿಗೆ ನಾವೇ, ಪಶುವೈದ್ಯರೇ, ಡೈಕ್ಲೋಫೆನಾಕ್ ಕೊಡುತ್ತಿದ್ದೆವು. ಆ ದನದ ಹೆಣ ತಿಂದ ರಣಹದ್ದುಗಳ ಕಿಡ್ನಿ ಹೋಗಿ ಸತ್ತವು. ದೇಶದಲ್ಲಿ ರಣಹದ್ದುಗಳೇ ಕಾಣದಂತಾದವು. ಕಾರಣ ತಿಳಿದದ್ದು 2004ರಲ್ಲಿ, ದನಗಳಿಗೆ ಅದನ್ನು ನಿಷೇಧಿಸಿದ್ದು 2006ರಲ್ಲಿ. ಬದಲಿಗೆ ಏನು ಕೊಡಬೇಕು? ಮೆಲಾಕ್ಸಿಕಾಮ್ ಆಗುತ್ತದೆ ಅಂತ ಗೊತ್ತಾದದ್ದು ಹೇಗೆ? ಸಾಕಿದ ಕೆಲವು ರಣಹದ್ದುಗಳಿಗೇ ಕೊಟ್ಟು ನೋಡಿದರು, ಅವು ಬದುಕಿದವು. ಕೆಟೊಪ್ರೊಫೆನ್ ಅನ್ನುವ ಇನ್ನೊಂದು ನೋವಿನ ಔಷಧಿ ಕೊಟ್ಟು ನೋಡಿದಾಗ ಸತ್ತವೂ ಇವೆ. ಕೆಟೊಪ್ರೊಫೆನ್ ಅನ್ನು ದನಗಳಿಗೆ ಕೊಡಬಾರದು ಅಂತ ನಮ್ಮಲ್ಲಿ ನಿಷೇಧ ಬಂದದ್ದು 2023ರಲ್ಲಿ. ಅಳಿವಿನ ಅಂಚಿನ ಹಕ್ಕಿಗೆ ವಿಷವಿರಬಹುದಾದ ಔಷಧಿ ಕೊಡುವ ಅರ್ಜಿ ನಿಮ್ಮ ಕಮಿಟಿಗೆ ಬಂದಿದ್ದರೆ, ಸೊಪ್ಪಿನವರೇ, ನೀವು ಏನು ಹೇಳುತ್ತಿದ್ದಿರಿ? ಚುಚ್ಚಲು ಕೇಳುತ್ತಿಲ್ಲ, ನನಗೂ ಇದು ಕಷ್ಟದ ಪ್ರಶ್ನೆ.

ಸೊಪ್ಪು ತಿನ್ನೋನು

ದನಕ್ಕೆ ಔಷಧಿ ಮಾರಾಟಕ್ಕೆ ಬಿಡುವ ಮುಂಚೆ ಹೆಣ ತಿನ್ನುವ ಹಕ್ಕಿಗೆ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲವಲ್ಲ, ಅದನ್ನು ಮೊದಲು ಕೇಳುತ್ತಿದ್ದೆ. ನಿಮ್ಮ ಪ್ರಶ್ನೆಗೆ... ಬಹುಶಃ ಒಪ್ಪುತ್ತಿದ್ದೆ. ಹಕ್ಕಿಯ ಜಾತಿಗೇ ಲಾಭ ಇರುವುದರಿಂದ. ಇಲಿಗಳ ವಿಷಯಕ್ಕೆ ಅದನ್ನು ಎಳೆಯಬೇಡಿ.

ಜಿಗಣಿ ಕ್ಯೂಸಿ

ಸಂಶೋಧನೆಯ ಮಾತೇ ಆಡುತ್ತಿದ್ದೇವೆ. ನಾನು ಕಂಡ ಹಾಗೆ ಪ್ರಾಣಿಗಳು ಕಣ್ಣಿಗೆ ಬೀಳದೆ ಹೋಗುವುದು ದಿನಚರಿಯ ಪರೀಕ್ಷೆಗಳಲ್ಲಿ. ಹೊಸದೇನೂ ಕಂಡುಹಿಡಿಯುವುದಿಲ್ಲ. ಬ್ಯಾಚ್ ಬಂತು, ಪರೀಕ್ಷೆ ಮಾಡು, ಸಹಿ ಹಾಕು.

ಇಂಜೆಕ್ಷನ್‌ನಲ್ಲಿ ಜ್ವರ ತರಿಸುವ ಕಲ್ಮಶ ಇದೆಯಾ ಅಂತ ನೋಡಲು ಮೊದಲು ಮೊಲವೇ ಗತಿ. ಅಲ್ಲಾಡದ ಹಾಗೆ ಚೌಕಟ್ಟಿನಲ್ಲಿ ಕೂರಿಸಿ, ಕಿವಿಯ ರಕ್ತನಾಳಕ್ಕೆ ಚುಚ್ಚಿ, ಗಂಟೆಗಟ್ಟಲೆ ಜ್ವರ ಅಳೆಯುವುದು. 1956ರಲ್ಲಿ ಫ್ರೆಡರಿಕ್ ಬ್ಯಾಂಗ್ ಅನ್ನುವವರು ಹಾರ್ಸ್‌ಶೂ ಏಡಿಯ ನೀಲಿ ರಕ್ತ ಬ್ಯಾಕ್ಟೀರಿಯಾದ ಎದುರು ಹೆಪ್ಪುಗಟ್ಟುವುದನ್ನು ವಿವರಿಸಿದರು. ಅದರಿಂದ ಹೊಸ ಪರೀಕ್ಷೆ ಬಂದು ಎಷ್ಟೋ ಮೊಲಗಳು ಉಳಿದವು. ಏಡಿಗಳು ಸಿಕ್ಕಿಹಾಕಿಕೊಂಡವು! ಆಮೇಲೆ ಸಿಂಗಪುರದ ವಿಜ್ಞಾನಿಗಳು ಆ ಏಡಿಯ ಒಂದು ಪ್ರೋಟೀನನ್ನು ಲ್ಯಾಬಿನಲ್ಲೇ ತಯಾರಿಸಿದರು, ಏಡಿಯೂ ಬೇಡವಾಯಿತು. ಇಷ್ಟೆಲ್ಲ ಇದ್ದರೂ ಮೊಲದ ಪರೀಕ್ಷೆಯನ್ನು ಪೂರ್ತಿ ಕೈಬಿಡಬೇಕು ಅಂತ ಯುರೋಪಿಯನ್ ಫಾರ್ಮಕೋಪಿಯಾದವರು, ಅಂದರೆ ಅಲ್ಲಿ ಔಷಧಿ ಗುಣಮಟ್ಟದ ನಿಯಮದ ಪುಸ್ತಕ ಬರೆಯುವವರು, ತೀರ್ಮಾನ ಮಾಡಿದ್ದು 2024ರಲ್ಲಿ. ಒಂದು ಕಂಪನಿ ನಾಲ್ಕು ದೇಶಕ್ಕೆ ಮಾರುತ್ತದೆ ಅಂದುಕೊಳ್ಳಿ. ಒಂದು ದೇಶದ ಪುಸ್ತಕದಲ್ಲಿ ಹಳೆಯ ಪರೀಕ್ಷೆ ಉಳಿದಿದ್ದರೂ ಅದಕ್ಕೋಸ್ಕರ ಮೊಲ ಸಾಕಬೇಕು. ಮೊಲ ಅಲ್ಲಿ ಇರುವುದು ವಿಜ್ಞಾನಕ್ಕೆ ಬೇಕು ಅಂತಲ್ಲ, ಇಲಾಖೆಯ ಒಂದು ಸಾಲಿಗೆ ಬೇಕು ಅಂತ.

ಮೇಷ್ಟ್ರೇ, ಪ್ರತಿ ಅರ್ಜಿಗೂ ಈ ಪ್ರಶ್ನೆ ಹಾಕಿ: ಈ ಪರೀಕ್ಷೆ ಕೇಳುತ್ತಿರುವುದು ಯಾರು? ನಿಮ್ಮ ಸಂಶೋಧನೆಯೋ, ಯಾವುದಾದರೂ ನಿಯಮವೋ? ನಿಯಮ ಅಂದರೆ ಅದರ ನಂಬರ್ ಕೇಳಿ, ಈಗಲೂ ಜಾರಿಯಲ್ಲಿದೆಯಾ ಕೇಳಿ. ರದ್ದಾದ ಪರೀಕ್ಷೆಯನ್ನೂ ಅಭ್ಯಾಸಬಲದಿಂದ ಮಾಡುವವರಿದ್ದಾರೆ. ಅರ್ಧದಷ್ಟು ಪ್ರಾಣಿ ಸಾಯಬೇಕಾದ ಎಲ್‌ಡಿ50 ಅನ್ನುವ ಹಳೆಯ ವಿಷ ಪರೀಕ್ಷೆಯನ್ನು, ಪರೀಕ್ಷಾ ವಿಧಾನಗಳ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ 2002ರಲ್ಲೇ ತನ್ನ ಪಟ್ಟಿಯಿಂದ ತೆಗೆದಿದೆ. ಆದರೂ ಆ ಹೆಸರು ಇನ್ನೂ ಬಾಯಲ್ಲಿದೆ.

ಬಸವನಗುಡಿ ಮೇಷ್ಟ್ರು

ಇಷ್ಟು ಸಿಗುತ್ತದೆ ಅಂತ ಎಣಿಸಿರಲಿಲ್ಲ. ಎಲ್ಲವನ್ನೂ ನೋಟ್‌ಬುಕ್‌ಗೆ ಬರೆದುಕೊಂಡೆ, ಸೊಪ್ಪಿನವರ ಒಪ್ಪಿಗೆ ಪತ್ರವನ್ನೂ ಸೇರಿಸಿ. ಅದನ್ನು ಸಭೆಯಲ್ಲಿ ಕೇಳಲಾರೆ, ಆದರೆ ಪುಟದ ಮೇಲ್ಗಡೆ ಇರಲಿ.

ನನ್ನದೊಂದು ಅನುಮಾನ. ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಅವರ ಪರಿಭಾಷೆಯಲ್ಲಿ. ಅರ್ಥವಾಗಲಿಲ್ಲ ಅಂದರೆ ಮರ್ಯಾದೆ ಹೋಗುತ್ತದಾ?

ಹೆಬ್ಬಾಳದ ಡಾಕ್ಟ್ರು

ಹೋಗಲಿ ಬಿಡಿ ಸರ್. ವಿಜ್ಞಾನಿ ಅಲ್ಲದವರು ಬೇಕು ಅಂತ ನಿಯಮ ಮಾಡಿರುವುದು ಅದಕ್ಕೇ. ಪ್ರಾಣಿಗೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಏನೇನು ಆಗುತ್ತದೆ ಅಂತ ಸಾದಾ ಮಾತಿನಲ್ಲಿ ಒಂದು ಪುಟ ಬರೆದು ತನ್ನಿ ಅಂತ ಕೇಳಿ. ಬರೆಯಲು ಆಗದವರಿಗೆ ತಮ್ಮ ಪ್ರಯೋಗವೇ ಪೂರ್ತಿ ಗೊತ್ತಿಲ್ಲ ಅಂತ ನನ್ನ ಅನುಭವ.

ಅನಿಮಲ್ ಹೌಸ್ ಅಣ್ಣ

ಓದುತ್ತಾ ಇದ್ದೆ, ಬರೆಯಲೋ ಬೇಡವೋ ಅಂತ. ನಾನು ಇಂಥ ಒಂದು ಕಡೆ ಪ್ರಾಣಿ ನೋಡಿಕೊಳ್ಳುವವನು. ಕೇಜ್ ತೊಳೆಯುವುದು, ಹೊಟ್ಟು ಬದಲಾಯಿಸುವುದು, ನೀರು, ಮೇವು. ಕಂಟ್ರಾಕ್ಟ್ ಕೆಲಸ.

ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ಯಾವ ಇಲಿ ನಿನ್ನೆಗಿಂತ ಇವತ್ತು ಮಂಕಾಗಿದೆ ಅಂತ ಮೊದಲು ಕಾಣುವುದು ನಮಗೆ. ಮೈ ಉಬ್ಬಿಸಿ ಮೂಲೆಯಲ್ಲಿ ಕೂತಿರುತ್ತದೆ, ಕೂದಲು ಕೆದರಿರುತ್ತದೆ. ಸ್ಟೂಡೆಂಟ್ಸ್ ಬರುವುದು ಅವರ ಪ್ರಯೋಗದ ದಿನ. ನಾವು ಹೇಳಿದರೆ ಕೆಲವರು ಓಡಿ ಬಂದು ನೋಡುತ್ತಾರೆ, ಕೆಲವರು "ಡೇಟಾ ಮುಗಿಯಲಿ" ಅನ್ನುತ್ತಾರೆ. ಸಾಲು ರಜೆ ಬಂದರೆ ನೂರಾರು ಕೇಜಿಗೆ ಇಬ್ಬರೇ ಇರುತ್ತೇವೆ. ಕರೆಂಟ್ ಹೋಗಿ ಜನರೇಟರ್ ಹತ್ತದಿದ್ದರೆ ಎಸಿ ಇಲ್ಲದೆ ಕೋಣೆ ಕಾಯುತ್ತದೆ. ಇದು ಯಾವ ಅರ್ಜಿಯಲ್ಲೂ ಬರೆದಿರುವುದಿಲ್ಲ.

ಕಮಿಟಿಯವರು ವರ್ಷದಲ್ಲಿ ಬರುತ್ತಾರೆ. ಬರುವ ಹಿಂದಿನ ದಿನ ಎಲ್ಲ ಫಳಫಳ. ಇಲ್ಲಿಯವರೆಗೆ ನನ್ನನ್ನು ಯಾರೂ ಒಂದು ಮಾತು ಕೇಳಿಲ್ಲ.

ಪಿಎಚ್‌ಡಿ ಪರದಾಟ

ಅಣ್ಣ, ನಮ್ಮ ಲ್ಯಾಬಿನ ಅಣ್ಣಂದಿರು ಇಲ್ಲದಿದ್ದರೆ ನನ್ನ ಥೀಸಿಸ್ಸೇ ಇಲ್ಲ. ಮೇಷ್ಟ್ರೇ, ನಾನು ಬರೆದ ಪ್ರಶ್ನೆಗಳ ಮೇಲ್ಗಡೆ ಇದನ್ನು ಹಾಕಿಕೊಳ್ಳಿ.

ಬಸವನಗುಡಿ ಮೇಷ್ಟ್ರು

ಅಣ್ಣ, ದೊಡ್ಡ ಉಪಕಾರ. ಡಾಕ್ಟ್ರೇ, ಸದಸ್ಯನಾದವನು ನೋಡಿಕೊಳ್ಳುವವರ ಜೊತೆ ನೇರವಾಗಿ ಮಾತಾಡಬಹುದಾ? ಹೇಳಿದವರ ಕೆಲಸಕ್ಕೆ ಕುತ್ತು ಬರಬಾರದು.

ಹೆಬ್ಬಾಳದ ಡಾಕ್ಟ್ರು

ಮಾತಾಡಬಹುದು. ಅನಿಮಲ್ ಹೌಸ್ ತಪಾಸಣೆ ಕಮಿಟಿಯದ್ದೇ ಕೆಲಸ. ಒಬ್ಬರನ್ನೇ ಕರೆದು ಕೇಳಬೇಡಿ, ಶಿಫ್ಟಿನ ಎಲ್ಲರನ್ನೂ ಕೇಳಿ, ಯಾರು ಹೇಳಿದ್ದು ಅಂತ ಬರೆಯಬೇಡಿ. ಕೇಜ್ ಕಾರ್ಡ್, ಸಾವಿನ ರಿಜಿಸ್ಟರ್, ಕೋಣೆಯ ಟೆಂಪರೇಚರ್ ದಾಖಲೆ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ರಜೆಯ ದಿನಗಳ ಸಾಲು ಖಾಲಿ ಇದ್ದರೆ ಅಲ್ಲಿಂದ ಮಾತು ಶುರು ಮಾಡಿ.

ಸೊಪ್ಪು ತಿನ್ನೋನು

ನನ್ನ ಮಾತು ನನಗೆ ಇದ್ದೇ ಇದೆ. ಆದರೆ ಮೇಷ್ಟ್ರು ಹೋಗಲಿ.

ಅನಿಮಲ್ ಹೌಸ್ ಅಣ್ಣ

ಸರ್, ಬರುವುದಾದರೆ ಭಾನುವಾರ ಬನ್ನಿ. ಇಲ್ಲಾಂದ್ರೆ ಹಬ್ಬದ ಮಾರನೇ ದಿನ. ಹೇಳದೆ ಬನ್ನಿ. ಒಳಗೆ ಬಿಡುವ ಮುಂಚೆ ಗೌನು, ಮಾಸ್ಕು, ಕಾಲಿಗೆ ಕವರ್ ಎಲ್ಲ ಹಾಕಿಕೊಳ್ಳಬೇಕು, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಬಟ್ಟೆ ಬದಲಾಯಿಸಿಕೊಂಡು ಬನ್ನಿ. ವಾಸನೆಗೆ ಇಲಿಗಳು ಬೆದರುತ್ತವೆ.